ಕೊರತೆ ಓದಿ ಹೇಳಿದ ಹೈಮವತಮ್ಮನ ಕಥೆ

ದೀಪದ ಕುಡಿ ಸರಿಪಡಿಸಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ತಾಯಿ ವಿದ್ಯಾಲಕ್ಷ್ಮಿಯನ್ನು ನೆನೆದು ಕೇಳಿರಿ.

ಬಿಳಿಗೆರೆಪುರವೆಂಬ ಊರಿನಲ್ಲಿ ಒಂದು ಪ್ರೌಢಶಾಲೆ ಇದ್ದಿತು. ಅಲ್ಲಿ ತಿಂಗಳ ಮೊದಲ ಶುಕ್ರವಾರ ವಿದ್ಯಾಲಕ್ಷ್ಮಿಯ ಪಟದ ಮುಂದೆ ದೀಪ ಹಚ್ಚಿ, ಹೆತ್ತವರನ್ನು ಕರೆಸಿ, ಶಾಲೆಗೆ ಬಂದ ಹಣವೆಷ್ಟು, ಹೋದದ್ದೆಷ್ಟು, ಕೊರತೆಯೆಷ್ಟು ಎಂಬುದನ್ನು ಗಟ್ಟಿಯಾಗಿ ಓದಿ, ಪಾಯಸ ಹಂಚುವ ವ್ರತ ನಡೆದು ಬಂದಿತ್ತು. ಹೀಗಿರಲಾಗಿ ಹೈಮವತಮ್ಮನೆಂಬಾಕೆ ಮುಖ್ಯೋಪಾಧ್ಯಾಯಿನಿಯಾಗಿ ಬಂದಳು. ಗಣಿತದಲ್ಲಿ ಚಿನ್ನದ ಪದಕ ಪಡೆದವಳು. ಕೊರತೆಯನ್ನು ನಾಲ್ಕು ಜನರ ಮುಂದೆ ಓದುವುದು ಮರ್ಯಾದೆಯಲ್ಲವೆಂದು ಬಗೆದು, ಒಂದು ಶುಕ್ರವಾರ ಸಭೆಯೆಂದು, ಇನ್ನೊಂದು ಶುಕ್ರವಾರ ಪರೀಕ್ಷೆಯೆಂದು ನೆವ ಹೇಳಿ ವ್ರತವನ್ನು ಬಿಟ್ಟುಬಿಟ್ಟಳು.

ಬಿಟ್ಟ ಮೇಲೆ ಏನಾಯಿತೆಂದರೆ, ಪರೀಕ್ಷೆಯ ಹಣ ಪರೀಕ್ಷೆಗೆ ಮೊದಲು ಬರಲಿಲ್ಲ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ದುರಸ್ತಿಯ ಹಣ ತೆಗೆದಳು. ಕಿಟಕಿ ಮುರಿದಾಗ ಪ್ರಯೋಗಾಲಯದ ಹಣ ತೆಗೆದಳು, ಅದನ್ನು ತುಂಬಲು ಆಟದ ಹಣ ತೆಗೆದಳು. ಅಷ್ಟರಲ್ಲಿ ಗ್ರಂಥಾಲಯಕ್ಕೆಂದು ಯಾರೂ ಕೇಳದ ಹಣ ಬಂದು, ಹತ್ತು ದಿನದಲ್ಲಿ ಖರ್ಚಾಗದಿದ್ದರೆ ವಾಪಸ್ಸೆಂಬ ಆದೇಶವೂ ಜೊತೆಗೇ ಬಂದಿತು. ಹಣ ಇದೆಯೋ ಇಲ್ಲವೋ ಆಕೆಗೇ ತಿಳಿಯದಾಯಿತು. ಇಂದು ಎಂಟು ಸಾವಿರ ಉಳಿದಿದೆಯೆಂದು ಬರುವ ಲೆಕ್ಕ ನಾಳೆ ಅದೇ ಪುಸ್ತಕದಲ್ಲಿ ಎರಡು ಸಾವಿರ ಸಾಲವೆಂದು ಬರುವುದು. ಮೂರನೆಯ ಸಲ ಕೂಡಿದರೆ ಮೂರನೆಯದೇ ಮೊತ್ತ. ಪದಕ ಪಡೆದ ತಲೆಗೆ ಕೂಡುವುದು ಕಳೆಯುವುದೇ ಮರೆತಂತಾಯಿತು.

ಆಗಲೇ ಕೊಳವೆಬಾವಿಯ ಮೋಟಾರು ಸುಟ್ಟಿತು. ನೀರಿಲ್ಲದೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿತು. ಹತ್ತನೆಯ ತರಗತಿಯ ನಲವತ್ತೊಂದು ಹುಡುಗಿಯರಲ್ಲಿ ತಿಂಗಳು ತುಂಬುವಷ್ಟರಲ್ಲಿ ಬರುವವರು ಹತ್ತೊಂಬತ್ತೇ ಆದರು. ಮನೆಯಲ್ಲಿ ಉಳಿದ ಒಬ್ಬಳಿಗೆ ಗಂಡು ನೋಡುತ್ತಿರುವರೆಂಬ ಸುದ್ದಿಯೂ ಬಂದಿತು. ಹೈಮವತಮ್ಮ ಹೆದರಿ ಮೇಲಿನ ಕಚೇರಿಗೆ ಹಣ ಕೇಳಿ ಬರೆದರೆ, ಯಾವ ಖರ್ಚಿನ ಬಾಬಿನಲ್ಲಿ ಎಷ್ಟು ಉಳಿದಿದೆ ತಿಳಿಸಿರಿ ಎಂದು ಉತ್ತರ ಬಂದಿತು. ತಿಳಿಸಲು ಆಕೆಗೆ ತಿಳಿದಿದ್ದರಲ್ಲವೇ!

ಕಾಗದಗಳ ನಡುವೆ ಕಣ್ಣೊರೆಸುತ್ತ ಕೂತಿದ್ದವಳನ್ನು ಕಂಡು, ಬಿಸಿಯೂಟ ಮಾಡುವ ಸಿದ್ದಗಂಗಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೇಳಿದಳು:

"ಮೇಡಮ್ಮೋರೆ, ನಿಮ್ಮ ಲೆಕ್ಕ ನಂಗೆ ತಿಳಿಯಲ್ಲ. ಅಕ್ಕಿ ಸಾಲ್ದೆ ಬಂದ್ರೆ ನಾನು ಸಾಲ್ದು ಅಂತ ಬಾಗಿಲಲ್ಲೇ ನಿಂತು ಕೂಗ್ತೀನಿ. ಸುಮ್ನಿದ್ರೆ ನಾನೇ ಕದ್ದೆ ಅಂತಾರೆ. ಮೊದ್ಲಿನ ಮೇಷ್ಟ್ರು ಶುಕ್ರವಾರ ಓದ್ತಿದ್ರು. ನೀವೂ ಓದಿ."

ಆ ಶುಕ್ರವಾರ ಹೈಮವತಮ್ಮ ತಲೆಗೆ ಮಿಂದು, ಪಟಕ್ಕೆ ಹೂವೇರಿಸಿ, ಹೆತ್ತವರೆಲ್ಲ ಕೂತ ಮೇಲೆ ಪುಸ್ತಕ ತೆರೆದು ಓದತೊಡಗಿದಳು. ಓದುತ್ತ ಓದುತ್ತ ಒಂದು ಪುಟ ಇನ್ನೊಂದನ್ನು ಸುಳ್ಳು ಮಾಡಿತು. ಸುಟ್ಟ ಮೋಟಾರಿಗೆ ತಂತಿ ಸುತ್ತಿ ಸರಿಮಾಡುವ ಖಾದರ್ ಸಾಬರು ಎದ್ದು ನಿಂತರು; ಅವರ ಮಗಳೂ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದಳು.

"ಹಂಗಾದ್ರೆ ದುರಸ್ತಿ ದುಡ್ಡು ಎಲ್ಲಿ ಹೋಯ್ತು, ಮೇಡಂ?"

"ಸ್ವಂತಕ್ಕೆ ನಾನು ಮುಟ್ಟಿಲ್ಲ, ಸಾಹೇಬ್ರೆ. ಯಾವುದಕ್ಕೆ ಎಷ್ಟು ಹೋಯ್ತೋ ನನಗೇ ಗೊತ್ತಾಗ್ತಿಲ್ಲ," ಎಂದಳು ಹೈಮವತಮ್ಮ.

ಯಾರೂ ಬಯ್ಯಲಿಲ್ಲ. ಮಹಿಳಾ ಸಂಘದ ಪುಸ್ತಕ ಬರೆಯುವ ತಾಯಿಯೊಬ್ಬಳು ಮುಂದೆ ಬಂದು, ರಸೀದಿಗಳನ್ನೆಲ್ಲ ಚಾಪೆಯ ಮೇಲೆ ಸುರಿದು, ಬಾಬಿಗೊಂದು ಗುಡ್ಡೆ ಮಾಡಿದಳು. ಎಲ್ಲರೂ ಬಗ್ಗಿ ಹುಡುಕಿದರು. ಪಾಯಸ ಆರಿತು. ಕಡೆಗೆ ಕೊರತೆ ಹನ್ನೊಂದು ಸಾವಿರದ ಇನ್ನೂರ ನಲವತ್ತೆಂದು ನಿಂತಿತು. ಎರಡು ಸಲ ಕೂಡಿದರೂ ಅಷ್ಟೇ ಬಂದಾಗ ಹೈಮವತಮ್ಮ ಗಳಗಳನೆ ಅತ್ತುಬಿಟ್ಟಳು. ಖಾದರ್ ಸಾಬರು ಕೂಲಿ ಬೇಡ, ತಂತಿಯ ದುಡ್ಡು ಬಂದಾಗ ಕೊಡಿ ಎಂದರು.

ಮೂರನೆಯ ದಿನ ನೀರು ಬಂದಿತು. ಹುಡುಗಿಯರು ಒಬ್ಬೊಬ್ಬರಾಗಿ ತಿರುಗಿ ಬಂದರು. ಗಂಡು ಬಂದು ನೋಡಿಹೋಗಿದ್ದ ಹುಡುಗಿ ಎಲ್ಲರಿಗಿಂತ ಕಡೆಗೆ ಬಂದಳು. ನಲವತ್ತೊಂದು ಮಂದಿಯೂ ಪರೀಕ್ಷೆ ಬರೆದರು. ಕಚೇರಿಯವರು ಸರಿಯಾದ ಲೆಕ್ಕ ಕಂಡು ಕೊರತೆಯ ಅರ್ಧ ಹಣ ಕಳಿಸಿದರು. ಅರ್ಧವೇ ಏಕೆಂಬುದು ಆಕೆಗೆ ಇಂದಿಗೂ ತಿಳಿಯದು. ಉಳಿದರ್ಧ ಕೊರತೆಯನ್ನು ಪ್ರತಿ ತಿಂಗಳ ಮೊದಲ ಶುಕ್ರವಾರ ತಪ್ಪದೆ ಓದುತ್ತ ಬಂದಳು.

ಈ ಕಥೆಯನ್ನು ಓದಿದವರಿಗೂ, ಓದಿಸಿದವರಿಗೂ, ನಡುವೆ ಏಳದೆ ಕೇಳಿದವರಿಗೂ ಅದೇ ಫಲವಾಗುವುದು. ಇಲ್ಲದ್ದನ್ನು ಇಲ್ಲವೆನ್ನುವ ಬಾಯನ್ನು ತಾಯಿ ಕೊಡುವಳು. ಆ ಮಾತನ್ನು ಕೂತು ಕೇಳುವ ಜನರನ್ನೂ ಕೊಡುವಳು.