ಎರಡು ಬೋಲ್ಟಿನ ಸೀಟು

“ಅಜ್ಜಾರ, ಒಳ್ಳೆಯದಾಗಲಿ ಎಂದೇ ಮಾಡಿದ ಕೆಲಸದಿಂದ ಕೇಡಾದರೆ, ಆ ಕೇಡಿಗೆ ಯಾರು ಹೊಣೆ?”

ಕೇಳಿದವನು ಅಡಿವೆಪ್ಪ. ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಕೇಳಿದ್ದು ಮಠದ ಹಿರಿಯ ಗುರುಗಳನ್ನು. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರು ಅವನನ್ನು ಹತ್ತಿರ ಕರೆದರು. ಕೂತುಕೋ ಎಂದರು. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಪ್ಲಾಸ್ಟಿಕ್ ಕೊಡ, ಬಕೆಟ್ಟು, ಬುಟ್ಟಿ ಇವನ್ನು ಊರೂರಿಗೆ ಒಯ್ದು ಮಾರುವವನು. ಅಂಗಡಿ ಇರಲಿಲ್ಲ. ಒಂದು ಹಳೆಯ ಮೋಟರ್ ಸೈಕಲ್ಲೇ ಅಂಗಡಿ. ಮನೆಯಲ್ಲಿ ಮೂವರು: ಅವನು, ಅವನ ತಾಯಿ, ಅವನ ಹೆಂಡತಿ. ಮನೆ ಎಂದರೆ ಒಂದೇ ಕೋಣೆ.

ಗಾಡಿಗೆ ಎರಡು ಸೀಟು. ಮುಂದಿನದು ಅವನದು. ಹಿಂದಿನದನ್ನು ದಿನಾ ಬೆಳಿಗ್ಗೆ ಬಿಚ್ಚಿ, ಆ ಜಾಗದಲ್ಲಿ ಕೊಡ ಕಟ್ಟುವ ಕಬ್ಬಿಣದ ಚೌಕಟ್ಟನ್ನು ಕೂರಿಸಬೇಕು. ಸಂಜೆ ಚೌಕಟ್ಟು ತೆಗೆದು ಮತ್ತೆ ಸೀಟು ಹಾಕಬೇಕು. ತಾಯಿಗೆ ಮೊಣಕಾಲು ನೋವು, ಆದರೂ ಸಂಜೆಯ ಗುಡಿ ತಪ್ಪಿಸುವವಳಲ್ಲ. ಮಗ ಹಿಂದೆ ಕೂರಿಸಿಕೊಂಡು ಹೋಗಿಬರಬೇಕು.

ಸೀಟು ನಿಂತದ್ದು ಎರಡು ಬೋಲ್ಟಿನ ಮೇಲೆ. ಬೋಲ್ಟಿನ ತಲೆ ಕೆಳಗೆ, ಮಡ್‌ಗಾರ್ಡಿನ ಒಳಗೆ. ನಟ್ಟು ಮೇಲೆ. ಒಬ್ಬನೇ ತಿರುಗಿಸಿದರೆ ನಟ್ಟಿನ ಜೊತೆ ಬೋಲ್ಟೂ ತಿರುಗುತ್ತದೆ. ಸೂರ್ಯ ಮುಳುಗುವವರೆಗೆ ತಿರುಗಿಸಿದರೂ ಬಿಚ್ಚುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಹೆಂಡತಿ ಕೆಳಗೆ ಕೂತು, ಚಕ್ರದ ಸಂದಿಯಲ್ಲಿ ಕೈ ತೂರಿಸಿ, ಪಾನ, ಅಂದರೆ ಸ್ಪ್ಯಾನರು, ಹಾಕಿ ಬೋಲ್ಟಿನ ತಲೆ ಹಿಡಿಯುತ್ತಿದ್ದಳು. ಗಂಡ ಇನ್ನೊಂದು ಪಾನದಿಂದ ಮೇಲಿನ ನಟ್ಟು ತಿರುಗಿಸುತ್ತಿದ್ದ. ಸವೆದ ನಟ್ಟು, ಪಾನ ಜಾರುತ್ತಿತ್ತು. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ.

ಆ ಮನೆಗೆ ಒಂದು ರೂಢಿ ಇತ್ತು. ಅತ್ತೆಯ ಎದುರಿಗೆ ಸೊಸೆ ಗಂಡನ ಜೊತೆ ಮಾತಾಡುವಂತಿಲ್ಲ. ಊಟಕ್ಕೆ ಬನ್ನಿ ಎನ್ನುವುದನ್ನೂ ತಟ್ಟೆಯ ಸದ್ದಿನಲ್ಲೇ ತಿಳಿಸಬೇಕು. ತಾಯಿ ಕೆಟ್ಟವಳಲ್ಲ, ಅವಳೂ ಹಾಗೇ ಬಾಳಿದವಳು. ರಾತ್ರಿ ಮೂವರೂ ಅದೇ ಕೋಣೆಯಲ್ಲಿ ಮಲಗುವವರು. ಹೀಗಾಗಿ ಗಂಡ ಹೆಂಡತಿ ಏನು ಮಾತಾಡಿದರೂ ಅಂಗಳದಲ್ಲಿ, ಗಾಡಿಯ ಪಕ್ಕದಲ್ಲಿ, ಪಾನದ ಸದ್ದಿನ ಮರೆಯಲ್ಲಿ.

“ಗಟ್ಟಿ ಹಿಡಿ, ಜಾರಾಕತ್ತದ.”

“ನಾ ಹಿಡದೀನಿ. ನಿಮ್ಮ ಕೈಯಾಗ ಜೋರಿಲ್ಲ.”

“ಜೋರು ಎಲ್ಲಿಂದ ಬರಬೇಕು? ನಿಮ್ಮ ತವರಿನವರು ತುಪ್ಪ ಕಳಸ್ತೀವಿ ಅಂದವರು ಇನ್ನೂ ಎಮ್ಮಿ ಹುಡುಕಾಕತ್ಯಾರ.”

“ಎಮ್ಮಿ ಸಿಕ್ಕದ. ಅಳಿಯನ ಮಾರಿ ನೋಡಿ ಹಾಲು ಕೊಡೂದು ಬಿಟ್ಟದ.”

ಹೀಗೆ. ದೊಡ್ಡ ಮಾತೇನೂ ಅಲ್ಲ. ಸಂಸಾರದ ಮಾತು.

ಒಂದು ದಿನ ಹೆಂಡತಿಗೆ ಮೈಯಲ್ಲಿ ಒಂದು ನೋವು ಕಾಣಿಸಿತು. ವಾರವಾಯಿತು, ಹೋಗಲಿಲ್ಲ. ತಿಂಗಳಾಯಿತು, ಹೆಚ್ಚಾಯಿತು. ಅತ್ತೆಗೆ ಹೇಳುವಂಥದ್ದಲ್ಲ ಎಂದು ಅವಳಿಗೆ ಅನಿಸಿತು. ಗಂಡನಿಗೇ ಹೇಳಬೇಕು, ಅವನೇ ದವಾಖಾನೆಗೆ ಕರೆದೊಯ್ಯಬೇಕು. ಆದರೆ ನಾಚಿಕೆ. ಬಾಯಿಗೆ ಬಂದದ್ದನ್ನು ಎಷ್ಟೋ ಬೆಳಿಗ್ಗೆ ನುಂಗಿಕೊಂಡಳು. ಕೊನೆಗೊಂದು ದಿನ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಚಕ್ರದ ಪಕ್ಕ ಕೂತಳು. ಬಾಯಿ ತೆರೆಯುವಷ್ಟರಲ್ಲಿ ಪಾನ ಜಾರಿ ಬೆರಳು ತರಚಿತು. ಎದ್ದು ನಿಲ್ಲುವಾಗ ಮುಖ ಕಿವುಚಿದಳು. ಕಿವುಚಿದ್ದು ಬೆರಳಿಗಲ್ಲ, ಆ ನೋವಿಗೆ.

ಗಂಡ ಅದನ್ನು ಕಂಡ. ಕಾಣಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

“ಏನೋ ಹೇಳಾಕ ಬಾಯಿ ತಗದಿದ್ದಿ?” ಎಂದ.

“ನಿಮಗ ಹೊತ್ತಾತು. ಸಂಜೀಕ ಹೇಳ್ತೀನಿ” ಎಂದಳು.

ಅವನು ಹೊರಟ. ದಾರಿಯುದ್ದಕ್ಕೂ ಅವಳ ಮುಖವೇ ಕಣ್ಣ ಮುಂದೆ. ನನ್ನ ಗಾಡಿಯ ದೆಸೆಯಿಂದ ಬಗ್ಗಿ ಬಗ್ಗಿ ಇವಳ ಸೊಂಟ ಹೋಯಿತು, ಬೆರಳು ಹೋದವು, ಹೇಳಬೇಕೆಂದದ್ದೂ ಇದನ್ನೇ ಎಂದುಕೊಂಡ. ಮರುಕ ಬಂತು. ಅವತ್ತು ಊರುಗಳನ್ನು ಬಿಟ್ಟು ಪೇಟೆಗೆ ಹೋದ. ವೆಲ್ಡಿಂಗಿನವನ ಮುಂದೆ ಇಡೀ ದಿನ ಕೂತ. ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಿ ಮಾಡಿಸಿದ. ಸೀಟಿನ ಮುಂಭಾಗಕ್ಕೆ ಒಂದು ಕೊಂಡಿ, ಹಿಂಭಾಗಕ್ಕೆ ಒಂದು ಪಿನ್ನು. ಪಿನ್ನು ಎಳೆದರೆ ಸೀಟು ಕೈಗೆ ಬರುತ್ತದೆ. ತೂರಿಸಿದರೆ ಕೂರುತ್ತದೆ. ಬೋಲ್ಟು ಇಲ್ಲ, ಪಾನ ಇಲ್ಲ, ಇನ್ನೊಬ್ಬರ ಕೈ ಬೇಕಿಲ್ಲ. ಚೌಕಟ್ಟಿಗೂ ಹಾಗೇ ಮಾಡಿಸಿದ.

ಸಂಜೆ ಮನೆಗೆ ಬಂದು ಹೆಂಡತಿಯನ್ನು ಅಂಗಳಕ್ಕೆ ಕರೆದ. ಅವಳು ಪಾನ ಹಿಡಿದುಕೊಂಡೇ ಬಂದಳು. ಅವನು ಒಂದೇ ಕೈಯಲ್ಲಿ ಚೌಕಟ್ಟು ಎತ್ತಿಟ್ಟ, ಸೀಟು ಕೂರಿಸಿದ, ಪಿನ್ನು ತಳ್ಳಿದ.

“ಇನ್ ಮ್ಯಾಲ ನೀ ಬಗ್ಗೂದು ಬ್ಯಾಡ. ಒಳಗ ಆರಾಮ ಇರು.”

ಅಷ್ಟರಲ್ಲಿ ತಾಯಿ ಹೊಸ್ತಿಲಿಗೆ ಬಂದಿದ್ದಳು. “ಭಾಳ ಛಲೋ ಆತು. ದಿನಾ ಗುಡಿಗೆ ಹೊತ್ತಾಕ್ಕಿತ್ತು” ಎಂದಳು. ಮಗ ತಾಯಿಯನ್ನು ಕೂರಿಸಿಕೊಂಡು ಹೋದ. ಹೆಂಡತಿ ಪಾನವನ್ನು ಒಳಗಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಕೆಲಸವಿಲ್ಲದಿದ್ದರೂ ಗಾಡಿಯ ಹತ್ತಿರ ಬಂದು ನಿಂತಳು. ಹೇಗೆ ಶುರು ಮಾಡುವುದು ಎಂದು ಯೋಚಿಸುತ್ತಿರುವಾಗಲೇ ಸೀಟು ಬಿಚ್ಚಿ ಆಗಿತ್ತು. “ಯಾಕ ನಿಂತಿ? ಒಳಗ ನಡಿ, ನಾ ಎಲ್ಲಾ ಮಾಡ್ಕೋತೀನಿ” ಎಂದು ಅಕ್ಕರೆಯಿಂದಲೇ ಹೇಳಿ ಅವನು ಗಾಡಿಗೆ ಕಿಕ್ ಹೊಡೆದು ಹೊರಟ.

ಕೆಲವು ದಿನ ಕಳೆದವು. ಒಮ್ಮೆ ಅತ್ತೆ ಆ ಕಡೆ ಮುಖ ಮಾಡಿದ್ದಾಗ ನೀರಿನ ತಂಬಿಗೆ ಕೊಡುತ್ತ ಪಿಸುಗುಟ್ಟಿದಳು: “ಆ ಬೋಲ್ಟೇ ಛಲೋ ಇದ್ವು. ಮತ್ತ ಅವನ್ನ ಹಾಕಸ್ರಿ.”

ಅವನು ಅದನ್ನೂ ಕೇಳಿಸಿಕೊಂಡ. ಸೀಟು ಅಲುಗಾಡುತ್ತದೆ, ಅತ್ತೆ ಬಿದ್ದಾಳು ಎಂದು ಇವಳಿಗೆ ಹೆದರಿಕೆ ಎಂದು ತಿಳಿದ. ಎಂಥ ಒಳ್ಳೆಯ ಸೊಸೆ ಎಂದುಕೊಂಡ. ಮತ್ತೆ ಪೇಟೆಗೆ ಹೋಗಿ ಸಂದಿಗೆ ರಬ್ಬರು ಹಾಕಿಸಿದ. ಸೀಟು ಅಲುಗಾಡುವುದು ನಿಂತಿತು.

ಆಮೇಲೆ ಅವಳು ಒಂದು ದಿನ ಪಿನ್ನನ್ನೇ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. ಪಿನ್ನು ಸಿಗದೆ ತಡವಾದರೆ, ಹುಡುಕುತ್ತ ಕೂತರೆ, ಮಾತಿಗೆ ಅಷ್ಟು ಜಾಗ ಸಿಕ್ಕೀತು ಎಂಬ ಆಸೆ. ಅವನು ಹುಡುಕಲಿಲ್ಲ. ಗೋಡೆಯ ಮೊಳೆಯೊಂದನ್ನು ಕಿತ್ತು ಚೌಕಟ್ಟಿಗೆ ತೂರಿಸಿ ಹೊರಟ. ಸಂಜೆ ಬರುವಾಗ ಹನ್ನೆರಡು ಪಿನ್ನು ತಂದ. ತಂತಿಗೆ ಪೋಣಿಸಿ ಬಾಗಿಲ ಚೌಕಟ್ಟಿಗೆ ತೂಗುಹಾಕಿದ. “ಈಗ ಕಳೀಲಿ ನೋಡೋಣು” ಎಂದು ನಕ್ಕ.

ಚಹಾದಂಗಡಿಯಲ್ಲಿ ಅವನ ಸೀಟಿನ ಸುದ್ದಿ ಹಬ್ಬಿತು. ಬೇರೆ ವ್ಯಾಪಾರಿಗಳು ಬಗ್ಗಿ ಬಗ್ಗಿ ನೋಡಿದರು. “ಏನಪಾ, ಹೆಂಡ್ತಿಗೆ ರಿಟೈರ್ಮೆಂಟ್ ಕೊಟ್ಟಿ ಅಂತಲ್ಲ?” ಎಂದು ಒಬ್ಬ ಕಿಚಾಯಿಸಿದ. “ಪಾಪ, ದುಡದು ಸಾಕಾಗಿತ್ತು ಆಕಿಗೆ” ಎಂದ ಇವನು. ಹೇಳುವಾಗ ಮುಖದಲ್ಲಿ ಒಂದು ಸಂತೋಷ. ಸುಳ್ಳಿನ ಸಂತೋಷ ಅಲ್ಲ ಅದು, ಅಡಿವೆಪ್ಪಾ. ನಿಜದ್ದೇ. ಉಳಿದ ಹೊತ್ತಿನಲ್ಲಿ ಅವನು ದಿನಕ್ಕೆ ಇನ್ನೂ ಒಂದು ಊರು ತಿರುಗಿದ.

ಅವಳು ಮತ್ತೆ ಪ್ರಯತ್ನ ಮಾಡಲಿಲ್ಲ. ನೋವನ್ನು ಇಟ್ಟುಕೊಂಡೇ ತಿಂಗಳುಗಟ್ಟಲೆ ರೊಟ್ಟಿ ಬಡಿದಳು, ನೀರು ತಂದಳು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಬಿದ್ದಳು.

ಅವನು ಓಡಿ ಬಂದ. ಚೌಕಟ್ಟು ಕಿತ್ತೆಸೆದು ಸೀಟು ಹಾಕಿದ. ಚಿಟಿಕೆ ಹೊಡೆಯುವಷ್ಟರಲ್ಲಿ ಆಯಿತು. ಅವಳನ್ನು ಹಿಂದೆ ಕೂರಿಸಿ, ತಾಯಿಯ ಸೀರೆಯಿಂದ ತನ್ನ ಬೆನ್ನಿಗೆ ಕಟ್ಟಿಕೊಂಡು ಹೋದ. ಆ ಸೀಟಿನ ಮೇಲೆ ಅವಳು ಕೂತದ್ದು ಅದೇ ಮೊದಲು.

ದವಾಖಾನೆಯಲ್ಲಿ ಡಾಕ್ಟರು ಕೇಳಿದರು: “ಎಷ್ಟು ದಿನದಿಂದ?”

“ನಿನ್ನೀ ತನಕ ಆರಾಮ ಇದ್ಲು, ಸಾಹೇಬ್ರ” ಎಂದ ವ್ಯಾಪಾರಿ.

ಡಾಕ್ಟರು ಅವಳ ಕಡೆ ನೋಡಿದರು. ಅವಳು ಒಂಬತ್ತು ಬೆರಳು ಎತ್ತಿದಳು.

“ಒಂಬತ್ತು ದಿನವೇ?”

“ತಿಂಗಳು.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವನನ್ನು ಹೊರಗೆ ಕರೆದು, ಆರು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಇಲ್ಲ ಎಂದರು.

ಅವನು ಒಳಗೆ ಬಂದು ಮಂಚದ ಪಕ್ಕ ನಿಂತ. ಕೋಪ ಬಂದಿತ್ತು, ಅಳುವೂ ಬಂದಿತ್ತು. “ನಂಗ್ಯಾಕ ಒಂದು ಮಾತು ಹೇಳಲಿಲ್ಲ?” ಎಂದ.

ಅವಳು ಹೇಳಿದಳು: “ಯಾವಾಗ ಹೇಳಬೇಕಿತ್ತ್ರಿ?”

ಅದು ಬೈಗುಳದ ದನಿಯಲ್ಲ. ನಿಜವಾಗಿಯೂ ಕೇಳಿದಳು. ಅವನು ಉತ್ತರ ಹುಡುಕಿದ. ಪಿನ್ನು ಬಂದ ಮೇಲಿನ ಬೆಳಿಗ್ಗೆಗಳನ್ನು ನೆನೆದ, ಸಂಜೆಗಳನ್ನು ನೆನೆದ. ತೋರಿಸುವುದಕ್ಕೆ ಒಂದು ಗಳಿಗೆಯೂ ಸಿಗಲಿಲ್ಲ. ದವಾಖಾನೆಯಲ್ಲಿ ಅವಳು ಹನ್ನೊಂದು ದಿನ ಇದ್ದಳು. ಅಷ್ಟೂ ದಿನ ಇಬ್ಬರಿಗೂ ಬೇಕಾದಷ್ಟು ಹೊತ್ತಿತ್ತು. ಅವನು ಏನಾದರೂ ಮಾತಾಡು ಎಂದು ಗೋಗರೆದ. ಅಭ್ಯಾಸ ತಪ್ಪಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಹನ್ನೆರಡನೆಯ ದಿನ ಹೋದಳು.

ವ್ಯಾಪಾರಿ ಈಗಲೂ ಕೊಡ ಮಾರುತ್ತಾನೆ. ಸಂಜೆ ತಾಯಿಯನ್ನು ಗುಡಿಗೆ ಒಯ್ಯುತ್ತಾನೆ. ಸೀಟು ಈಗಲೂ ಅಷ್ಟೇ ಸಲೀಸಾಗಿ ಬಿಚ್ಚುತ್ತದೆ.

ಅಜ್ಜಾರು ಕತೆ ನಿಲ್ಲಿಸಿದರು. ಅಡಿವೆಪ್ಪ ಕೇಳಿದ:

“ಅಜ್ಜಾರ, ಅವನು ಕಣ್ಣು ಮುಚ್ಚಿಕೊಂಡಿರಲಿಲ್ಲ, ಅವಳ ಮುಖ ನೋಡಿದ. ಕಿವಿ ಮುಚ್ಚಿಕೊಂಡಿರಲಿಲ್ಲ, ಅವಳ ಮಾತು ಕೇಳಿದ. ಪ್ರೀತಿಯೂ ಇತ್ತು. ಹಾಗಾದರೆ ತಪ್ಪು ಎಲ್ಲಿದೆ? ಆ ಮನೆಯ ರೂಢಿಯಲ್ಲೇ? ತಾಯಿಯಲ್ಲೇ? ಇವಳ ನಾಚಿಕೆಯಲ್ಲೇ? ಅಥವಾ ಸುಲಭ ಮಾಡಲು ಹೋದದ್ದೇ ತಪ್ಪೇ?”

ಅಜ್ಜಾರು ಅವನ ಮುಖವನ್ನೇ ನೋಡುತ್ತ ಹೇಳಿದರು:

“ಇಷ್ಟೆಲ್ಲ ಕೇಳಿದೆ ಅಡಿವೆಪ್ಪಾ, ಆ ಹೆಣ್ಣುಮಗಳಿಗೆ ಎಲ್ಲಿ ನೋಯುತ್ತಿತ್ತು ಎಂದು ನೀನೂ ಕೇಳಲಿಲ್ಲ.”