ಏಲಕ್ಕಿ ಬಣ್ಣದ ಒಂಬತ್ತು ಬಾಗಿಲು

ತಿಪಟೂರಿನಲ್ಲಿ ವನಜಾಕ್ಷಿ ಎಂಬ ಗೃಹಿಣಿಯೊಬ್ಬಳಿದ್ದಳು. ಅವಳ ಅಡುಗೆಮನೆಯಲ್ಲಿ ಕಲ್ಲುಕಟ್ಟೆಯ ಕೆಳಗೆ ಐದು, ಮೇಲೆ ನಾಲ್ಕು, ಒಟ್ಟು ಒಂಬತ್ತು ಕಪಾಟುಗಳಿದ್ದವು. ಅವುಗಳ ಮರದ ಬಾಗಿಲುಗಳಿಗೆ ಇಪ್ಪತ್ತಾರು ವರ್ಷದ ಹಿಂದೆ ಚಾಕಲೇಟ್ ಬಣ್ಣ ಹೊಡೆಸಿದ್ದರು. ಒಗ್ಗರಣೆಯ ಹೊಗೆ, ಎಣ್ಣೆಯ ಕೈ, ಅರಿಶಿನದ ಬೆರಳು ಎಲ್ಲ ಸೇರಿ ಈಗ ಅದು ಯಾವ ಬಣ್ಣ ಎಂದು ಕೇಳಿದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಅಡುಗೆಮನೆಗೆ ಇಣುಕಿದರೆ ವನಜಾಕ್ಷಿಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ಬೆಳಗಿನ ಕಾಫಿ ಮಾಡುತ್ತಿದ್ದವರು ಅವಳ ಅತ್ತೆ ಸಿದ್ದಗಂಗಮ್ಮ. ಉಳಿದ ಅಡುಗೆಯೆಲ್ಲ ಸೊಸೆಗೆ ಬಿಟ್ಟುಕೊಟ್ಟಿದ್ದರೂ ಕಾಫಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಐದೂವರೆಗೆ ಎದ್ದು, ಒಲೆಯ ಪಕ್ಕದಲ್ಲೇ ಇಟ್ಟಿರುವ ಪುಡಿಯಿಂದ ಡಿಕಾಕ್ಷನ್ ಇಳಿಸಿ, ಮಗನಿಗೂ ಸೊಸೆಗೂ ಲೋಟ ಕೈಗಿತ್ತರೆ ಅವರ ದಿನ ಶುರು. ಅದೊಂದು ಇಲ್ಲದಿದ್ದರೆ ಮನೆಯಲ್ಲಿ ತಮಗೇನು ಕೆಲಸ ಎಂದು ಅವರು ಒಳಗೊಳಗೇ ಹೆದರುತ್ತಿದ್ದರು. ಈ ಹೆದರಿಕೆ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಗೊತ್ತಿರಲಿಲ್ಲ, ಅದನ್ನು ನಾನು ಆಮೇಲೆ ಹೇಳುತ್ತೇನೆ.

ವನಜಾಕ್ಷಿ ಪೇಂಟರ್ ಲಕ್ಕಣ್ಣನನ್ನು ಕರೆಸಿದಳು. ಏಲಕ್ಕಿ ಬಣ್ಣ ಆರಿಸಿದಳು. ಹಸಿ ಏಲಕ್ಕಿಯೋ ಒಣ ಏಲಕ್ಕಿಯೋ ಎಂದು ಅವನು ಕೇಳಿದಾಗ ಅವಳಿಗೆ ಅರ್ಧ ದಿನ ಗೊಂದಲವಾಯಿತು. ಕೊನೆಗೆ ಎರಡರ ನಡುವಿನದು ಎಂದಳು. ಲಕ್ಕಣ್ಣ ತಲೆ ಕೆರೆದುಕೊಂಡು ಒಪ್ಪಿದ.

ಲಕ್ಕಣ್ಣ ಒಳ್ಳೆಯ ಕೆಲಸಗಾರ. ಬಾಗಿಲುಗಳನ್ನು ಬಿಚ್ಚುವ ಮೊದಲು ಪ್ರತಿಯೊಂದರ ಹಿಂಬದಿಗೂ ಪೆನ್ಸಿಲಿನಲ್ಲಿ ನಂಬರು ಬರೆಯುವುದು ಅವನ ರೂಢಿ. ಆದರೆ ಒಳಬದಿಯನ್ನು ತಾನೇ ಉಜ್ಜಿ ತೊಳೆದಿದ್ದೇನೆ, ಅಲ್ಲಿ ಬಣ್ಣವೂ ಬೇಡ, ಒಂದು ಗೀಟೂ ಬೀಳಬಾರದು ಎಂದು ವನಜಾಕ್ಷಿ ಕಟ್ಟಪ್ಪಣೆ ಮಾಡಿದಳು. ಸರಿ ಎಂದು ಅವನು ಸೀಮೆಸುಣ್ಣದಲ್ಲಿ ಮುಂಬದಿಗೇ ನಂಬರು ಹಾಕಿದ. ಬಾಗಿಲು ಬಿಚ್ಚಿ ಹಿತ್ತಲಿಗೆ ಒಯ್ದು, ಸೋಪಿನ ನೀರಿನಲ್ಲಿ ಮುಂಬದಿಯನ್ನು ಚೆನ್ನಾಗಿ ತೊಳೆದ. ಉಪ್ಪುಕಾಗದ ಹಾಕಿ ತಿಕ್ಕಿದ. ಗೀರು, ತೂತು, ಮುಕ್ಕಾದ ಮೂಲೆಗಳಿಗೆಲ್ಲ ಪುಟ್ಟಿ ತುಂಬಿದ. ನಂಬರು ತಾನೇ ತೊಳೆದುಬಿಟ್ಟೆ ಎಂಬುದು ಅವನಿಗೆ ಹೊಳೆದದ್ದು ಎರಡನೇ ಕೋಟು ಹೊಡೆದು ಮುಗಿಸಿದ ಮೇಲೆ.

ಒಂಬತ್ತೂ ಒಂದೇ ಅಳತೆಯ ಬಾಗಿಲು. ಯಾವುದನ್ನು ಎಲ್ಲಿ ಹಾಕಿದರೇನು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಲಕ್ಕಣ್ಣ ಕೈಗೆ ಸಿಕ್ಕಂತೆ ಕೂರಿಸಿದ. ಮೂರು ಬಾಗಿಲು ಮುಚ್ಚಲಿಲ್ಲ. ಬಣ್ಣ ಪೂರ್ತಿ ಒಣಗಿದರೆ ತಾನಾಗಿ ಸರಿಹೋಗುತ್ತದೆ ಎಂದು ಹೇಳಿ ಮನೆಗೆ ಹೋದ. ವನಜಾಕ್ಷಿ ಡಬ್ಬಿಗಳನ್ನು ಹಳೆಯ ಜಾಗಗಳಲ್ಲೇ ಜೋಡಿಸಿ, ಹೊಸ ಅಡುಗೆಮನೆಯನ್ನು ನಾಲ್ಕು ಸಲ ಬಂದು ಬಂದು ನೋಡಿ ಮಲಗಿದಳು.

ಮರುದಿನದ ಕಾಫಿ ಉಪ್ಪುಪ್ಪಾಗಿತ್ತು.

ಮಗ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಸಿದ್ದಗಂಗಮ್ಮ ಗಾಬರಿಯಾದರು. ಎರಡನೇ ದಿನ ಕಾಫಿಗೆ ಅಕ್ಕಿಹಿಟ್ಟು ಬಿತ್ತು. ಮೂರನೇ ದಿನ ಅವರು ಎಷ್ಟೋ ಹೊತ್ತು ಕಪಾಟುಗಳ ಮುಂದೆ ನಿಂತೇ ಇದ್ದರು. ಒಂದು ಬಾಗಿಲು ತೆಗೆಯುವುದು, ಮುಚ್ಚುವುದು, ಪಕ್ಕದ್ದನ್ನು ತೆಗೆಯುವುದು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು.

ವನಜಾಕ್ಷಿಗೆ ತಲೆಬುಡ ತಿಳಿಯಲಿಲ್ಲ. ಮೊನ್ನೆಯವರೆಗೆ ಒಂದು ಚಮಚ ಹೆಚ್ಚುಕಡಿಮೆ ಮಾಡದ ಅತ್ತೆಗೆ ಏಕಾಏಕಿ ಏನಾಯಿತು? ವಯಸ್ಸಾಯಿತು, ಬುದ್ಧಿ ಮಂಕಾಗುತ್ತಿದೆ ಎಂದುಕೊಂಡಳು. ಸಿದ್ದಗಂಗಮ್ಮನಿಗೂ ತಮ್ಮ ಬಗ್ಗೆ ಅದೇ ಅನುಮಾನ. ಒಳಬದಿಯಲ್ಲಿ ಜರಡಿ ತೂಗುಹಾಕುವ ಮೊಳೆ ಇರುವ ಬಾಗಿಲು ತೆಗೆದರೆ ಒಳಗೆ ಅಕ್ಕಿಹಿಟ್ಟು ಇರಬೇಕು. ಈಗ ಉಪ್ಪಿದೆ! ಇದೇನು ತಮ್ಮದೇ ಮನೆಯೋ ಅಲ್ಲವೋ ಎಂದು ಅವರು ದಿಗಿಲುಬಿದ್ದರು. ಕೇಳೋಣವೆಂದರೆ ಕೇಳಲು ಭಯ.

ಆ ದಿನ ಸೊಸೆ ಮೆತ್ತಗೆ ಹೇಳಿದಳು. "ಅತ್ತೆ, ನಾಳೆಯಿಂದ ಕಾಫಿ ನಾನೇ ಮಾಡ್ತೀನಿ. ನೀವು ಹಾಯಾಗಿ ಕೂತ್ಕೊಳಿ."

ಸಿದ್ದಗಂಗಮ್ಮ ಆಗಲಿ ಎಂದರು. ಹೋಗಿ ನಡುಮನೆಯ ಮೂಲೆಯ ಕುರ್ಚಿಯಲ್ಲಿ ಕೂತರು. ಹಾಯಾಗಿ ಏನೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು.

ಸಂಜೆ ಲಕ್ಕಣ್ಣ ಬಂದ. ಬಣ್ಣ ಒಣಗಿದರೂ ಆ ಮೂರು ಬಾಗಿಲು ಮುಚ್ಚುತ್ತಿರಲಿಲ್ಲ. ಅವನು ಒಂಬತ್ತನ್ನೂ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತ. ಇದನ್ನು ಅಲ್ಲಿಗೆ ಹಾಕಿದ, ಅದನ್ನು ಇಲ್ಲಿಗೆ ಹಾಕಿದ. ಮೂರು ಸರಿಯಾದರೆ ಬೇರೆ ನಾಲ್ಕು ಕೈಕೊಡುತ್ತಿದ್ದವು. ಕೊನೆಗೆ ನಂಬರು ತೊಳೆದುಹೋದ ಕಥೆಯನ್ನು ಒಪ್ಪಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಒಂದೊಂದು ಬಾಗಿಲೂ ಒಂದೊಂದು ಥರ ಉಬ್ಬಿಕೊಂಡಿದೆ, ಸೊಟ್ಟಗಾಗಿದೆ, ಅದರದರ ಜಾಗ ಬಿಟ್ಟರೆ ಬೇರೆ ಕಡೆ ಕೂರುವುದಿಲ್ಲ ಎಂದ. ಯಾವುದರ ಜಾಗ ಯಾವುದು ಎಂದು ವನಜಾಕ್ಷಿಯನ್ನು ಕೇಳಿದ. ಅವಳಿಗೆ ಒಂದೂ ಹೇಳಲಾಗಲಿಲ್ಲ. ಅವಳು ಆ ಬಾಗಿಲುಗಳ ಕೊಳೆಯನ್ನು ನೋಡಿದ್ದಳೇ ಹೊರತು ಬಾಗಿಲುಗಳನ್ನು ನೋಡಿರಲಿಲ್ಲ.

ಮಾತು ಕೇಳಿಸಿಕೊಂಡ ಸಿದ್ದಗಂಗಮ್ಮ ಕುರ್ಚಿಯಿಂದ ಎದ್ದು ಬಂದರು. ನೆಲದ ಮೇಲೆ ಕೂತು, ಒಂದು ಬಾಗಿಲನ್ನು ತೊಡೆಯ ಮೇಲಿಟ್ಟುಕೊಂಡು ಬಣ್ಣ ಕಾಣದ ಅದರ ಒಳಬದಿಯನ್ನು ಸವರಿದರು. ಕೆಳಗೆ ನೀರು ಕುಡಿದು ಉಬ್ಬಿದೆ, ಇದು ಸಿಂಕಿನ ಕೆಳಗಿನದು ಎಂದರು. ಇನ್ನೊಂದನ್ನು ಸವರಿ, ತೊಳೆದರೂ ಜಿಡ್ಡು ಹೋಗಿಲ್ಲ, ಒಲೆಯ ಮೇಲಿನದು ಎಂದರು. ಜರಡಿಯ ಮೊಳೆ ಸಿಕ್ಕಿದಾಗ ಅವರ ಮುಖ ಅರಳಿತು. ಇದು ಅಕ್ಕಿಹಿಟ್ಟಿನದು, ಉಪ್ಪಿನದಲ್ಲ ಎಂದರು. ಹೀಗೆ ಒಂಬತ್ತನ್ನೂ ಹೇಳಿದರು. ಅವರು ಹೇಳಿದಂತೆ ಲಕ್ಕಣ್ಣ ಕೂರಿಸುತ್ತಾ ಹೋದ. ಒಂಬತ್ತೂ ಮುಚ್ಚಿಕೊಂಡವು.

ವನಜಾಕ್ಷಿ ನೋಡುತ್ತಲೇ ಇದ್ದಳು. ಅಷ್ಟು ಹೊತ್ತೂ ಅತ್ತೆ ಒಮ್ಮೆಯೂ ಬಾಗಿಲಿನ ಕಡೆ ನೋಡಿರಲಿಲ್ಲ. ಅವರ ಮುಖ ಕಿಟಕಿಯ ಕಡೆಗಿತ್ತು.

"ಅತ್ತೆ, ನಿಮಗೆ ಕಣ್ಣು ಕಾಣುತ್ತಾ?"

"ಬೆಳಕು ಕಾಣುತ್ತೆ. ನೀನು ಬಂದ್ರೆ ನೆರಳು ಕಾಣುತ್ತೆ," ಎಂದರು ಸಿದ್ದಗಂಗಮ್ಮ. "ಡಬ್ಬಿ ಕಾಣದೆ ವರ್ಷದ ಮೇಲಾಯ್ತು. ಉಪ್ಪಿನ ಬಾಗಿಲಿಗೆ ಮೂಲೆ ಮುಕ್ಕಾಗಿತ್ತು. ಸಕ್ಕರೆ ಬಾಗಿಲ ಮೇಲೆ ನಿನ್ ಗಂಡ ಚಿಕ್ಕೋನಿದ್ದಾಗ ಕೈವಾರದಲ್ಲಿ ತನ್ನ ಹೆಸರು ಕೆತ್ತಿದ್ದ. ಬೆರಳಿಗೆ ಸಿಗ್ತಿತ್ತು, ಎಷ್ಟನೇ ಬಾಗಿಲು ಅಂತ ಎಣಿಸಿದ್ದೇ ಇಲ್ಲ. ಈಗ ಎಲ್ಲಾ ನುಣ್ಣಗಾಗೋಗಿದೆ."

ವನಜಾಕ್ಷಿ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ನೀನು ನನ್ನ ಮೂಲೇಲಿ ಕೂರಿಸ್ತಿದ್ದೆ. ನಿನ್ನ ತಪ್ಪಲ್ಲ ಬಿಡವ್ವ. ನಮ್ಮತ್ತೆಗೆ ಕಣ್ಣು ಹೋದಾಗ ನಾನೂ ಹಂಗೇ ಕೂರಿಸಿದ್ದೆ. ಹಾಯಾಗಿರಿ ಅಂದಿದ್ದೆ."

ವನಜಾಕ್ಷಿಯ ಮೂರು ದಿನದ ಗೊಂದಲ ಆ ಒಂದು ಗಳಿಗೆಯಲ್ಲಿ ಬಗೆಹರಿಯಿತು, ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಕೊಳೆ ಎಂದು ತೆಗೆಸಿದ್ದು ಅತ್ತೆಯ ಕಣ್ಣನ್ನು, ಮಂಕು ಎಂದು ದೂರಿದ್ದು ಅತ್ತೆಯ ಬುದ್ಧಿಯನ್ನು.

ಅವಳು ತಲೆಯಿಂದ ಪಿನ್ನು ತೆಗೆದಳು. ಸಕ್ಕರೆಯ ಬಾಗಿಲಿನ ಮುಂದೆ ಕೂತು, ಹೊಸ ಬಣ್ಣವನ್ನು ಕೆರೆದು, ಕೆತ್ತಿದ ಅಕ್ಷರಗಳಲ್ಲಿ ತುಂಬಿದ್ದ ಪುಟ್ಟಿಯನ್ನು ಕೀಳತೊಡಗಿದಳು. ಲಕ್ಕಣ್ಣ ಹೌಹಾರಿದ. ಎರಡು ಕೋಟು ಹೊಡೆದ ಬಣ್ಣ ಅಕ್ಕ ಎಂದು ಅಂಗಲಾಚಿದ. ಅವಳು ಬಿಡಲಿಲ್ಲ. ಆಮೇಲೆ ಅವನೇ ಉಳಿ ತಂದು ಉಪ್ಪಿನ ಬಾಗಿಲಿನ ಮೂಲೆಯನ್ನು ಮೊದಲಿನಂತೆ ಮುಕ್ಕು ಮಾಡಿಕೊಟ್ಟ. ತನ್ನ ಜೀವಮಾನದಲ್ಲಿ ಇಂಥ ಕೆಲಸ ಮಾಡಿರಲಿಲ್ಲ ಎಂದು ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಆ ವಾರವೇ ವನಜಾಕ್ಷಿ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆದರೆ ಅದಕ್ಕೂ ಮೊದಲು, ಮಾರನೆಯ ಬೆಳಗ್ಗೆ ಐದೂವರೆಗೆ, ಎಚ್ಚರವಾದರೂ ಹಾಸಿಗೆಯಲ್ಲೇ ಮಲಗಿ ಅಡುಗೆಮನೆಯ ಸದ್ದು ಕೇಳುತ್ತಿದ್ದಳು. ಒಂದೇ ಒಂದು ಬಾಗಿಲು ತೆಗೆದ ಸದ್ದು ಬಂತು. ಅದೇ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಸಿದ್ದಗಂಗಮ್ಮ ಲೋಟ ತಂದುಕೊಟ್ಟರು. ಕಾಫಿ ಸಿಹಿಯಾಗಿತ್ತು.

ಮುಂದಿನ ಶುಕ್ರವಾರ ಬಂದ ಹೆಂಗಸರು ಹೊಸ ಬಣ್ಣ ಹೊಗಳಿ, ಎರಡು ಬಾಗಿಲಿನಲ್ಲಿ ಅದು ಆಗಲೇ ಕಿತ್ತುಹೋಗಿದೆಯಲ್ಲ ಎಂದು ಕೇಳಿದರು. ಅದು ಹಾಗೇ ಇರಬೇಕು ಎಂದಳು ವನಜಾಕ್ಷಿ. ಅವರಿಗೆ ಏನೂ ಅರ್ಥವಾಗಲಿಲ್ಲ.

ನೀತಿ: ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ, ಅವರನ್ನು ಮೂಲೆಯಲ್ಲಿ ಕೂರಿಸುವ ಮೊದಲು, ಈಚೆಗೆ ನಾವು ಏನನ್ನು ಬದಲಾಯಿಸಿದೆವು ಎಂದು ನೋಡಿಕೊಳ್ಳಬೇಕು. ನಮ್ಮ ಕಣ್ಣಿಗೆ ಕಾಣುವ ಹಳೆಯ ಗೀರು, ಇನ್ನೊಬ್ಬರ ಕೈಗೆ ದಾರಿಯಾಗಿರಬಹುದು.