ಬಲಗೋಡೆಯ ಪ್ರೊಜೆಕ್ಟರ್

“ಗುರುಗಳೇ, ಹೆಂಡತಿಯನ್ನು ಕರೆತಂದು ಒಂದು ಕಡೆ ನೆಲೆ ನಿಲ್ಲಬೇಕೆಂದು ಊರು ಹುಡುಕುತ್ತಿದ್ದೇನೆ. ಒಂಬತ್ತು ಊರು ನೋಡಿದೆ. ಒಂದರಲ್ಲಿ ನೀರು ಸರಿಯಿಲ್ಲ, ಒಂದರಲ್ಲಿ ಜನ ಸರಿಯಿಲ್ಲ. ಕಾಲು ಸೋತುಹೋಯಿತು. ಯಾವುದನ್ನು ಆರಿಸಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳಿದರು:

ಒಬ್ಬ ವ್ಯಾಪಾರಿ. ಅವನಿಗೊಬ್ಬ ಗೆಳೆಯ. ಇಪ್ಪತ್ತು ವರ್ಷ ಪ್ರತಿ ಭಾನುವಾರ ಜೊತೆಗೆ ಗಾಲ್ಫ್ ಆಡಿದವರು. ಗೆಳೆಯನ ಮಂಡಿ ಸವೆಯಿತು. ನಿಲ್ಲಬಲ್ಲ, ಮೈದಾನ ಸುತ್ತಲಾರ. ಆಟ ನಿಂತ ಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಮಾತೂ ಕಡಿಮೆಯಾಯಿತು. ವ್ಯಾಪಾರಿ ಹೋಗಿ, “ಮೈದಾನವನ್ನೇ ನನ್ನ ಮನೆಗೆ ತರ್ತೀನಿ, ಇರೋ” ಎಂದು ಮಾತು ಕೊಟ್ಟ.

ಅಂಥ ವ್ಯವಸ್ಥೆ ಈಗ ಉಂಟು. ಕೋಣೆಯಲ್ಲಿ ಪರದೆ ಕಟ್ಟುತ್ತಾರೆ. ಪ್ರೊಜೆಕ್ಟರ್ ಅದರ ಮೇಲೆ ಮೈದಾನದ ಚಿತ್ರ ಬಿಡುತ್ತದೆ. ಚೆಂಡನ್ನು ಪರದೆಗೆ ಹೊಡೆದರೆ ಚಿತ್ರದೊಳಗೆ ಅದು ಮುಂದಕ್ಕೆ ಹಾರುತ್ತದೆ. ಆದರೆ ವ್ಯಾಪಾರಿಯ ಕೋಣೆ ಚಿಕ್ಕದು. ಪ್ರೊಜೆಕ್ಟರ್ ಹಿಂದೆ ಇದ್ದರೆ ಆಡುವವನ ನೆರಳು ಪರದೆಗೆ ಬೀಳುತ್ತದೆ. ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ ಲೇಸರ್ ಪ್ರೊಜೆಕ್ಟರ್ ಬೇಕು. ಬೆಲೆಯೂ ಕೈಗೆಟುಕಬೇಕು.

ವ್ಯಾಪಾರಿ ಅಂಗಡಿ ಅಂಗಡಿ ಅಲೆದ. ಒಂದು ಹಗಲಲ್ಲಿ ಮಂಕು. ಇನ್ನೊಂದರಲ್ಲಿ ಚಿತ್ರದ ಅಂಚು ಸೊಟ್ಟ. ಮತ್ತೊಂದರಲ್ಲಿ, ಚೆಂಡು ಪರದೆಗೆ ಬಡಿದು ಕೆಳಗೆ ಬಿದ್ದ ಮೇಲಷ್ಟೇ ಚಿತ್ರದ ಚೆಂಡು ಹಾರುತ್ತಿತ್ತು. ಎಲ್ಲ ಕಡೆಯೂ ತಾನೇ ಗಾಲ್ಫ್ ಕೋಲು ಹಿಡಿದು ನಿಂತು ನೋಡಿದ.

ಗೆಳೆಯ ಆಗಾಗ ಫೋನು ಮಾಡುವನು. “ಬಂತೇನೋ ಮೈದಾನ?”

“ಇದೊಂದು ನೋಡ್ಕೊಂಡು ಬರ್ತೀನಿ ತಡಿ, ಮಾರಾಯ.”

ಹೀಗೆ ಒಂದು ವರ್ಷ ಹೋಯಿತು. ವ್ಯಾಪಾರಿ ದಣಿದ. ಕೊನೆಗೆ ಒಂದು ಪ್ರೊಜೆಕ್ಟರ್ ಮನಸ್ಸಿಗೆ ಬಂತು. ಕೋಣೆಯ ಸೂರು ತಗ್ಗು. ನಡುವೆ ತೂಗುಹಾಕಿದರೆ ಬೀಸುವ ಕೋಲು ತಗಲುತ್ತದೆ. ಅದಕ್ಕೆ ಬಲಗೋಡೆಗೆ ಬಿಗಿಸಿದ. ಚೆಂಡಿನ ಎಡಕ್ಕೆ ನಿಂತು ಹೊಡೆದು ನೋಡಿದ. ಚಿತ್ರ ನಿಚ್ಚಳವಾಗಿತ್ತು. ನೆರಳಿನ ಸುಳಿವೇ ಇರಲಿಲ್ಲ.

ಗೆಳೆಯ ಇಸ್ತ್ರಿ ಅಂಗಿ ತೊಟ್ಟು ಬಂದ. ಕೋಲು ತೆಗೆದುಕೊಂಡು ಚೆಂಡಿನ ಬಲಕ್ಕೆ ಹೋಗಿ ನಿಂತ. ಅವನು ಎಡಗೈ ಆಟಗಾರ. ಬಲಗೋಡೆಯ ಪ್ರೊಜೆಕ್ಟರಿಗೆ ಅಡ್ಡವಾದ. ಅವನ ನೆರಳು ಪರದೆಯನ್ನು ತುಂಬಿತು. ಮೈದಾನ ಕಾಣಲಿಲ್ಲ.

“ಇದೇನೋ, ಗ್ರಹಣದಲ್ಲಿ ಆಡಿಸ್ತೀಯಾ?” ಎಂದು ಗೆಳೆಯ ನಕ್ಕ. ನಗು ಬೇಗ ನಿಂತಿತು. “ಇಪ್ಪತ್ತು ವರ್ಷ ಎದುರುಬದುರು ನಿಂತು ಹೊಡೆದಿದ್ದೀವಲ್ಲೋ. ನಾನು ಯಾವ ಕಡೆ ನಿಲ್ತೀನಿ ಅಂತ ನಿನಗೆ ನೆನಪೇ ಆಗಲಿಲ್ವಾ?”

“ನಾಳೆನೇ ಆ ಗೋಡೆಗೆ ಹಾಕಿಸ್ತೀನಿ. ನಾಡಿದ್ದು ಬಾರೋ.”

“ಹಾಕಿಸು” ಎಂದ ಗೆಳೆಯ. ಕೋಲನ್ನು ಮೂಲೆಗೆ ಒರಗಿಸಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದ.

ಮರುದಿನ ಪ್ರೊಜೆಕ್ಟರ್ ಎಡಗೋಡೆಗೆ ಬಂತು. ಗೆಳೆಯ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಆಮೇಲೆ ಫೋನೂ ಬರಲಿಲ್ಲ.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಎಂಥ ಮನುಷ್ಯ ಗುರುಗಳೇ! ಯಾರಿಗಾಗಿ ಹುಡುಕಿದನೋ ಅವನನ್ನು ಒಂದು ದಿನವಾದರೂ ಅಂಗಡಿಗೆ ಕರೆದೊಯ್ಯಬಾರದಿತ್ತೇ?”

ಗುರುಗಳು ಕೇಳಿದರು: “ಆ ಒಂಬತ್ತು ಊರಲ್ಲಿ ನಿನ್ನ ಹೆಂಡತಿ ನೋಡಿದ್ದು ಎಷ್ಟು?”